12 ಜುಲೈ 2024, ಶುಕ್ರವಾರ: ಮುಂಬಯಿಯ ಬಾಂದ್ರಾ ಲೇಬರ್ ಕೋರ್ಟಿನಿಂದ ಬಂದ ಮೇಲೆ

ಬೆಳಿಗ್ಗೆಯಿಂದ ಮಳೆ. ಕೋಟು ಇನ್ನೂ ಒಣಗಿಲ್ಲ. ಆದರೂ ಇವತ್ತೇ ಬರೆಯಬೇಕು ಅನಿಸಿತು.

ನಮ್ಮ ಊರ ಕಡೆಯ ಹೋಟೆಲ್ ಧಣಿಯೊಬ್ಬರ ಕೇಸು ಇವತ್ತು ರಾಜಿಯಾಯಿತು. ನಾನು ಅವರ ವಕೀಲ. ಹೆಸರು ಬೇಡ. 19 ವರ್ಷ ಅವರ ಅಡುಗೆಮನೆ ನಡೆಸಿದ ಭಟ್ಟರು ಊರಿಂದ ನಾಲ್ಕು ದಿನ ತಡವಾಗಿ ಬಂದಿದ್ದಕ್ಕೆ, ಸಂಜೆ ಗಿರಾಕಿ ತುಂಬಿದ ಹೊತ್ತಲ್ಲಿ ಎಲ್ಲರೆದುರು "ನಾಳೆಯಿಂದ ಬರಬೇಡ" ಅಂದುಬಿಟ್ಟಿದ್ದರು. ಅಷ್ಟೇ. ತಪ್ಪೇನೆಂದು ಬರೆದುಕೊಟ್ಟ ಚಾರ್ಜ್‌ಶೀಟ್ ಇಲ್ಲ, ವಿಚಾರಣೆ ಇಲ್ಲ, ನೋಟಿಸ್ ಇಲ್ಲ. ನನ್ನ ಹತ್ತಿರ ಬಂದಾಗ ಮಾತ್ರ "ಅವನೇ ಬಿಟ್ಟು ಹೋದ" ಎಂಬ ವಾದ. ಬಿಟ್ಟು ಹೋದವರನ್ನು ವಾಪಸ್ ಕರೆದು ಒಂದು ಪತ್ರವಾದರೂ ಹಾಕಿರಬೇಕಲ್ವಾ?

ಮಹಾರಾಷ್ಟ್ರದಲ್ಲಿ 'ಅನ್‌ಫೇರ್ ಲೇಬರ್ ಪ್ರಾಕ್ಟೀಸ್', ಅಂದರೆ ಕೆಲಸದ ವಿಷಯದಲ್ಲಿ ನಡೆಯುವ ಅನ್ಯಾಯ, ತಡೆಯುವ 1971ರ ಕಾಯ್ದೆ ಇದೆ, ಕೋರ್ಟಿನಲ್ಲಿ ನಾವು ಚಿಕ್ಕದಾಗಿ 'ಯುಎಲ್‌ಪಿ' ಅನ್ನುತ್ತೇವೆ. ಅನ್ಯಾಯವಾಗಿ ಕೆಲಸದಿಂದ ತೆಗೆದರೆ 90 ದಿನದೊಳಗೆ ಲೇಬರ್ ಕೋರ್ಟಿಗೆ ದೂರು ಕೊಡಬಹುದು. ಭಟ್ಟರು 81ನೇ ದಿನ ಕೊಟ್ಟರು. ಅಲ್ಲಿಂದ 14 ತಿಂಗಳು.

22 ವರ್ಷದಿಂದ ನಾನು ಮ್ಯಾನೇಜ್‌ಮೆಂಟ್ ಕಡೆಯೇ ನಿಂತವನು. ಮಾಟುಂಗಾದಲ್ಲಿ ನಮ್ಮವರು ಸಿಕ್ಕಾಗ "ಬಡವರ ಹೊಟ್ಟೆ ಮೇಲೆ ಹೊಡೆಯೋ ಕೆಲಸ ಅಲ್ವಾ ನಿಮ್ದು?" ಅಂತ ಕೇಳುತ್ತಾರೆ. ನೋವಾಗುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ನಡೆಯುವುದು ಫೋನಿನಲ್ಲಿ. ಸಿಟ್ಟಲ್ಲಿರುವ ಮಾಲೀಕರಿಗೆ "ಇವತ್ತು ಏನೂ ಹೇಳಬೇಡಿ, ನಾಳೆ ಬೆಳಿಗ್ಗೆ ಮಾತಾಡೋಣ" ಅನ್ನುವುದು. ಆ ಒಂದು ರಾತ್ರಿ ಕಳೆದರೆ ಎಷ್ಟೋ ಕೇಸು ಹುಟ್ಟುವುದೇ ಇಲ್ಲ. ಈ ಧಣಿ ಮಾತ್ರ ಆ ದಿನ ಫೋನ್ ಮಾಡಲಿಲ್ಲ.

ರಾಜಿಯ ಪ್ರಕಾರ ಸೋಮವಾರದಿಂದ ಭಟ್ಟರಿಗೆ ಮತ್ತೆ ಕೆಲಸ. ಸಂಬಳದ ಮಾತು ಬೇಗ ಮುಗಿಯಿತು, ಕೆಲಸವಿಲ್ಲದ ತಿಂಗಳುಗಳ ಬಾಕಿಯ ಅರ್ಧ ಕೊಡುವುದು ಅಂತ. ತಡವಾಗಿದ್ದು 'ಕಂಟಿನ್ಯುಟಿ ಆಫ್ ಸರ್ವಿಸ್', ಅಂದರೆ ಹಳೆಯ ಸೇವೆ ಮುರಿಯದೆ ಮುಂದುವರಿದಂತೆ, ಎಂಬ ಒಂದು ಸಾಲಿಗೆ. ಅದಿಲ್ಲದಿದ್ದರೆ ಸೋಮವಾರದಿಂದ ಭಟ್ಟರು ಹೊಸಬರು, ಹಳೆಯ ವರ್ಷಗಳ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣಕ್ಕೆ, ಇನ್ನೊಂದು ಜಗಳ. ವರಾಂಡದಲ್ಲಿ ಧಣಿ ನನ್ನ ತೋಳು ಹಿಡಿದು "ನೀವು ನಮ್ಮ ವಕೀಲರೋ ಅವನದ್ದೋ?" ಅಂದರು. ಅಲ್ಲೇ ಲೆಕ್ಕ ಬರೆದು ತೋರಿಸಿದೆ. ತಿಂಗಳ ಸಂಬಳ 18,000, ಅದನ್ನು 26 ಕೆಲಸದ ದಿನಗಳಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ 19 ವರ್ಷಕ್ಕೆ ಗುಣಿಸಿದರೆ ಗ್ರಾಚ್ಯುಟಿ 1.97 ಲಕ್ಷ. "ಇದು ಅವರು ಆಗಲೇ ದುಡಿದಿದ್ದು, ಧಣಿ. ಇವತ್ತು ಬರೆಯದಿದ್ದರೆ ನಾಳೆ ಸೋತು, ಬಡ್ಡಿ ಸೇರಿಸಿ ಕೊಡ್ತೀರಿ." ತುಂಬಾ ಹೊತ್ತು ಆ ಚೀಟಿ ನೋಡಿದರು. ಆಮೇಲೆ ಸಹಿ ಹಾಕಿದರು.

ಹೊರಗೆ ಬಂದಾಗ ಭಟ್ಟರು ಧಣಿಯ ಮುಖ ನೋಡದೆ ನನಗೇ ಹೇಳಿದರು, "ಸೋಮವಾರ ಅಂತ ಬರೆದಿದ್ದೀರಿ ಸರ್. ನಾನು ಆದಿತ್ಯವಾರ ಮಧ್ಯಾಹ್ನವೇ ಬರ್ತೇನೆ. ಸೋಮವಾರದ ಇಡ್ಲಿಗೆ ಹಿಟ್ಟು ರುಬ್ಬಬೇಕಲ್ಲ."

ಧಣಿ ಕೊಡೆ ಬಿಡಿಸುತ್ತಿದ್ದವರು ಹಾಗೇ ನಿಂತರು. "ಉದ್ದು ಶನಿವಾರವೇ ತರಿಸಿಡ್ತೇನೆ" ಅಂದರು.