ಸಣ್ಣ ರೇಸುಗಳಲ್ಲಿ ಕಟ್ಟಿದ ಚಾಂಪಿಯನ್ ಪಟ್ಟ

ಇಂಗ್ಲೆಂಡಿನ ಲ್ಯಾಂಬೋರ್ನ್‌ನ ಲಾಯವೊಂದರಲ್ಲಿ ಬೆಳಗಿನ ತಾಲೀಮಿಗೆ ಕುದುರೆ ಓಡಿಸುವುದು ನನ್ನ ಕೆಲಸ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ರೈಡಿಂಗ್ ಬಾಯ್ ಆಗಿದ್ದಾಗ ನನಗೆ ಗೊತ್ತಿದ್ದದ್ದು ಬೇಲಿಗಳಿಲ್ಲದ ಫ್ಲ್ಯಾಟ್ ರೇಸ್ ಮಾತ್ರ. ಬೇಲಿಗಳನ್ನು ಹಾರಿಸುತ್ತ ಸುಮಾರು ಎರಡು ಮೈಲಿಯಿಂದ ನಾಲ್ಕು ಮೈಲಿಯವರೆಗೆ ಓಡಿಸುವ ಜಂಪ್ ರೇಸಿಂಗ್‌ನ ಒಳಗುಟ್ಟು ತಿಳಿದದ್ದು ಇಲ್ಲಿಗೆ ಬಂದ ಮೇಲೆಯೇ.

ಇಲ್ಲಿ ಹೊಸ ಜಾಕಿಗೆ, ಕುದುರೆ ಹೊರಬೇಕಾದ ತೂಕದಲ್ಲಿ 7 ಪೌಂಡ್ ರಿಯಾಯಿತಿ ಇರುತ್ತದೆ. ಅದು 20 ಗೆಲುವಿಗೆ 5 ಪೌಂಡ್, 40ಕ್ಕೆ 3 ಪೌಂಡ್ ಆಗಿ ಇಳಿದು, 75ಕ್ಕೆ ಇಲ್ಲವಾಗುತ್ತದೆ. ರಿಯಾಯಿತಿ ಇರುವವರೆಗೆ ಕರೆದು ಸವಾರಿ ಕೊಡುತ್ತಿದ್ದ ಟ್ರೇನರುಗಳು ಆಮೇಲೆ ಅನುಭವಿಗಳತ್ತ ತಿರುಗುವುದರಿಂದ, ಎಷ್ಟೋ ಹುಡುಗರ ವೃತ್ತಿ ಅಲ್ಲಿಯೇ ಕುಂಟತೊಡಗುತ್ತದೆ. ಆ ಘಟ್ಟ ದಾಟುವವರು ಸಾಮಾನ್ಯವಾಗಿ ಸಣ್ಣ ರೇಸಿನ ಸವಾರಿಯನ್ನೂ ಬೇಡವೆನ್ನದವರು ಎಂಬುದು ನಾನು ಲಾಯದಲ್ಲಿ ನಿಂತು ಕಂಡುಕೊಂಡ ಸಂಗತಿ.

ಜಂಪ್ ಜಾಕಿ ಎ. ಪಿ. ಮೆಕಾಯ್ ಅವರ ವೃತ್ತಿಯನ್ನು ಈ ಕಣ್ಣಿನಿಂದ ನೋಡಬೇಕು. ಬ್ರಿಟನ್ನಿನಲ್ಲಿ ಜಂಪ್ ಜಾಕಿಗಳ ಚಾಂಪಿಯನ್ ಪಟ್ಟವನ್ನು ಬಹುಮಾನದ ಹಣ ನೋಡಿ ಕೊಡುವುದಿಲ್ಲ, ಗೆಲುವುಗಳನ್ನು ಎಣಿಸಿ ಕೊಡುತ್ತಾರೆ. ಚೆಲ್ಟನ್‌ಹ್ಯಾಮ್‌ನ ಪ್ರತಿಷ್ಠಿತ ಗೋಲ್ಡ್ ಕಪ್ ಗೆದ್ದರೂ ಲೆಕ್ಕಕ್ಕೆ ಒಂದೇ, ಪ್ಲಂಪ್ಟನ್ನಿನ ಸಣ್ಣ ಮೈದಾನದಲ್ಲಿ ವಾರದ ನಡುವೆ ಸಾಧಾರಣ ಕುದುರೆಯ ಮೇಲೆ ಗೆದ್ದರೂ ಒಂದೇ. 1995-96ರಿಂದ 2014-15ರವರೆಗೆ ಸತತ 20 ಬಾರಿ ಆ ಪಟ್ಟ ಮೆಕಾಯ್ ಅವರದ್ದಾಗಿತ್ತು. 2001-02ರ ಋತುವಿನಲ್ಲಿ ಅವರು 289 ರೇಸ್ ಗೆದ್ದು, 1947ರಲ್ಲಿ ಫ್ಲ್ಯಾಟ್ ಜಾಕಿ ಗಾರ್ಡನ್ ರಿಚರ್ಡ್ಸ್ ಸ್ಥಾಪಿಸಿದ್ದ 269ರ ದಾಖಲೆಯನ್ನು ಮುರಿದರು. 4,000ನೆಯ ಗೆಲುವು 2013ರ ನವೆಂಬರಿನಲ್ಲಿ ಬಂದದ್ದೂ ಟೌಸ್ಟರ್ ಎಂಬ ಸಣ್ಣ ಮೈದಾನದಲ್ಲಿ. ಜಗತ್ತೇ ನೋಡುವ ಗ್ರ್ಯಾಂಡ್ ನ್ಯಾಷನಲ್ ಮಾತ್ರ ಅವರಿಗೆ ಒಲಿದದ್ದು 15ನೆಯ ಪ್ರಯತ್ನದಲ್ಲಿ, 2010ರಲ್ಲಿ, ಡೋಂಟ್ ಪುಶ್ ಇಟ್ ಎಂಬ ಕುದುರೆಯ ಮೇಲೆ.

ಅವರ ಇನ್ನೊಂದು ಮುಖವನ್ನು ನಾನು ಅಷ್ಟು ಸುಲಭವಾಗಿ ಹೊಗಳಲಾರೆ. ಸುಮಾರು 178 ಸೆಂಟಿಮೀಟರ್ ಎತ್ತರದ ಮನುಷ್ಯ, ಜೀನೂ ಸೇರಿ 10 ಸ್ಟೋನ್, ಅಂದರೆ 63.5 ಕಿಲೋ ತೂಗಬೇಕಾದ ದಿನಗಳಲ್ಲಿ ಊಟ ಬಿಟ್ಟು, ಸುಡುನೀರಿನ ತೊಟ್ಟಿಯಲ್ಲಿ ಕುಳಿತು ಬೆವರಿಳಿಸುತ್ತಿದ್ದರು. ನಮ್ಮ ಲಾಯದ ಎತ್ತರದ ಹುಡುಗರು ಇದನ್ನೇ ಪಾಠವೆಂದು ತಿಳಿದು ಉಪವಾಸಕ್ಕೆ ಇಳಿಯುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಹಸಿದ ಸವಾರನ ತೀರ್ಮಾನ ಬೇಲಿಯ ಮುಂದೆ ಅರೆಕ್ಷಣ ತಡವಾದರೂ ಕುದುರೆ ಮತ್ತು ಸವಾರ ಇಬ್ಬರೂ ನೆಲಕ್ಕೆ ಬೀಳಬಹುದು.

ಬೀಳುವುದಂತೂ ಈ ವೃತ್ತಿಯಲ್ಲಿ ತಪ್ಪಿದ್ದಲ್ಲ. 2008ರ ಜನವರಿಯಲ್ಲಿ ವಾರ್ವಿಕ್‌ನಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೆಕಾಯ್, ಮಾರ್ಚಿನ ಚೆಲ್ಟನ್‌ಹ್ಯಾಮ್ ರೇಸ್ ಉತ್ಸವದ ಹೊತ್ತಿಗೆ ಮತ್ತೆ ಕುದುರೆಯ ಮೇಲಿದ್ದರು. ಗಾಯಗೊಂಡ ಜಾಕಿಗಳ ನೆರವಿಗಾಗಿ 1964ರಲ್ಲಿ ಹುಟ್ಟಿದ ಇಂಜರ್ಡ್ ಜಾಕೀಸ್ ಫಂಡ್ ನಡೆಸುವ ಓಕ್ಸಿ ಹೌಸ್ ಎಂಬ ಪುನಶ್ಚೇತನ ಕೇಂದ್ರ ಲ್ಯಾಂಬೋರ್ನ್‌ನಲ್ಲಿ 2009ರಲ್ಲಿ ತೆರೆದ ಮೇಲೆ, ಪೆಟ್ಟಾದ ಹುಡುಗರನ್ನು ಅವಸರದಲ್ಲಿ ಜೀನಿಗೆ ಹತ್ತಿಸದೆ ಮೊದಲು ಅಲ್ಲಿಗೆ ಕಳಿಸುವ ಅನುಕೂಲ ನಮ್ಮಂಥವರಿಗೆ ಒದಗಿದೆ.