ಪಾಸ್ ಆದ ಟೆಸ್ಟ್, ಬಿದ್ದ ಬಟನ್

ಮದುವೆ ಹಾಲ್ ಬುಕಿಂಗ್‌ಗೆ ಅಂತ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲಿ ಒಂದು ಅಪ್ಲಿಕೇಶನ್ ಬರೆಯುತ್ತಿದ್ದೆ. ಗ್ರಾಹಕರದ್ದು ಒಂದು ಟೇಬಲ್, ಬುಕಿಂಗ್‌ದು ಇನ್ನೊಂದು. ಬುಕಿಂಗ್ ಯಾರದ್ದು ಅಂತ ಹೇಳೋಕೆ ಫಾರಿನ್ ಕೀ, ಅಂದರೆ ಗ್ರಾಹಕರ ಟೇಬಲ್‌ನ ಸಾಲನ್ನು ತೋರಿಸುವ ಕೊಂಡಿ. ಹಳೇ ಗ್ರಾಹಕರನ್ನು ಒಟ್ಟಿಗೆ ಅಳಿಸುವ ಬಟನ್ ಸೇರಿಸಿದೆ. ಟೆಸ್ಟ್ ಎಲ್ಲ ಪಾಸ್. ಸಂಜೆ ಸರ್ವರ್‌ಗೆ ಹಾಕಿ ಬಟನ್ ಒತ್ತಿದರೆ ಎರರ್: ಈ ಗ್ರಾಹಕರ ಬುಕಿಂಗ್ ಇನ್ನೂ ಇದೆ, ಅಳಿಸಲು ಆಗಲ್ಲ.

ಸರ್ವರ್‌ನಲ್ಲಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್. ಟೆಸ್ಟ್ ಬೇಗ ಮುಗಿಯಲಿ ಅಂತ ಅಲ್ಲಿ ಎಸ್‌ಕ್ಯೂಲೈಟ್ ಅನ್ನೋ ಹಗುರ ಡೇಟಾಬೇಸ್ ಇಟ್ಟಿದ್ದೆ. ಗುಟ್ಟು ಅಲ್ಲೇ ಇತ್ತು. 2009ರ 3.6.19 ಆವೃತ್ತಿಯಿಂದ ಎಸ್‌ಕ್ಯೂಲೈಟ್‌ಗೆ ಫಾರಿನ್ ಕೀ ಪರೀಕ್ಷಿಸಲು ಬರುತ್ತದೆ. ಆದರೆ ಹಳೇ ಅಪ್ಲಿಕೇಶನ್‌ಗಳಿಗೆ ತೊಂದರೆ ಆಗಬಾರದು ಅಂತ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಪ್ರತಿ ಕನೆಕ್ಷನ್‌ನಲ್ಲೂ ನಾವೇ ಆನ್ ಮಾಡಬೇಕು.

ಸರಿ, ಅದನ್ನು ಆನ್ ಮಾಡುವ 'ಪ್ರಾಗ್ಮಾ ಫಾರಿನ್ ಕೀಸ್ ಆನ್' ಅನ್ನೋ ಸಾಲನ್ನು ಟೆಸ್ಟ್‌ನ ಸೆಟಪ್‌ನಲ್ಲಿ ಬರೆದೆ. ಆದರೂ ಟೆಸ್ಟ್ ಪಾಸ್! ಒಂದು ಗಂಟೆ ಕೋಡ್ ತಿರುವಿ ಹಾಕಿದೆ. ಕೊನೆಗೆ ಆ ಪ್ರಾಗ್ಮಾದ ಬೆಲೆ ಎಷ್ಟಿದೆ ಅಂತ ಡೇಟಾಬೇಸನ್ನೇ ಕೇಳಿದೆ. 0, ಅಂದರೆ ಆಫ್, ಅಂತ ಬಂತು. ಗ್ರಾಹಕರ ಸಾಲು ಸೇರಿಸಿ, ಕಮಿಟ್ ಮಾಡದೆ (ಬದಲಾವಣೆಯನ್ನು ಖಾಯಂ ಮಾಡದೆ), ಅದರ ಕೆಳಗೆ ಪ್ರಾಗ್ಮಾ ಬರೆದಿದ್ದೆ. ಹೀಗೆ ಕಮಿಟ್ ಆಗದೆ ಟ್ರಾನ್ಸಾಕ್ಷನ್ ತೆರೆದಿರುವಾಗ ಎಸ್‌ಕ್ಯೂಲೈಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರರ್ ಕೂಡ ಕೊಡದೆ ಸುಮ್ನೆ ಮುಂದೆ ಹೋಗುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇದಕ್ಕೇ.

ಪೈಥಾನ್ ಕೋಡನ್ನು ಡೇಟಾಬೇಸ್ ಜೊತೆ ಮಾತಾಡಿಸುವ ಲೈಬ್ರರಿ ಎಸ್‌ಕ್ಯೂಎಲ್‌ಆಲ್ಕೆಮಿಯ ಕನೆಕ್ಟ್ ಈವೆಂಟ್‌ಗೆ, ಅಂದರೆ ಹೊಸ ಕನೆಕ್ಷನ್ ತೆರೆದ ತಕ್ಷಣ ಓಡುವ ಜಾಗಕ್ಕೆ, ಆ ಸಾಲನ್ನು ಸಾಗಿಸಿದೆ. ಆಗ 11 ಟೆಸ್ಟ್ ಫೇಲ್. ಹತ್ತರಲ್ಲಿ ಒಂದೇ ತಪ್ಪು: ಗ್ರಾಹಕರನ್ನು ಸೇರಿಸದೇ ಗ್ರಾಹಕ ಸಂಖ್ಯೆ 1 ಅಂತ ಬುಕಿಂಗ್ ಮಾಡಿದ್ದೆ. ಅದನ್ನು ಸರಿಮಾಡಲು ಹೊತ್ತು ಹಿಡಿಯಲಿಲ್ಲ. ಹನ್ನೊಂದನೆಯದೇ ಸಂಜೆಯ ಎರರ್.

ಪೈಥಾನ್ ಕೋಡ್‌ನಲ್ಲಿ ಟೇಬಲ್‌ಗಳನ್ನು ವಿವರಿಸುವ ಮಾಡೆಲ್‌ನ ರಿಲೇಶನ್‌ಶಿಪ್‌ನಲ್ಲಿ ಕ್ಯಾಸ್ಕೇಡ್ ಬರೆದಿದ್ದೆ, ಗ್ರಾಹಕರ ಜೊತೆ ಬುಕಿಂಗೂ ಹೋಗುತ್ತದೆ ಅಂತ ನಂಬಿದ್ದೆ. ಆದರೆ ನನ್ನ ಬಟನ್ ಮಾಡಿದಂತೆ ಕ್ವೆರಿಯಿಂದ ಒಟ್ಟಿಗೆ ಡಿಲೀಟ್ ಮಾಡಿದರೆ ಆ ಕ್ಯಾಸ್ಕೇಡ್ ಕೆಲಸ ಮಾಡುವುದಿಲ್ಲ. ಡೇಟಾಬೇಸ್‌ನಲ್ಲಿ ಫಾರಿನ್ ಕೀ ಮೇಲೇ 'ಆನ್ ಡಿಲೀಟ್ ಕ್ಯಾಸ್ಕೇಡ್' ಇರಬೇಕು. ಹಾಕಲು ಹೊರಟವನು ಬುಕಿಂಗ್ ಟೇಬಲ್ ನೋಡಿ ಕೈ ನಿಲ್ಲಿಸಿದೆ. ಅಡ್ವಾನ್ಸ್ ಮೊತ್ತ, ರಸೀದಿ ಸಂಖ್ಯೆ ಎಲ್ಲ ಆ ಸಾಲುಗಳಲ್ಲೇ ಇದ್ದವು. ಗ್ರಾಹಕರ ಹೆಸರಿನ ಜೊತೆ ಹಾಲ್‌ನವರ ಲೆಕ್ಕವೂ ಹೋಗಿಬಿಡುತ್ತಿತ್ತು, ಅಲ್ವಾ? ಪೋಸ್ಟ್‌ಗ್ರೆಸ್ ತಡೆದದ್ದು ಸರಿಯಾಗಿಯೇ ಇತ್ತು.

ಬುಕಿಂಗ್ ಇಲ್ಲದ ಗ್ರಾಹಕರನ್ನು ಮಾತ್ರ ಅಳಿಸುವಂತೆ ಬಟನ್ ಬದಲಿಸಿದೆ. ಬುಕಿಂಗ್ ಇರುವವರನ್ನು ಅಳಿಸಲು ಹೋದರೆ ಡೇಟಾಬೇಸ್ ತಡೆಯಲೇಬೇಕು ಅಂತ ಹೊಸ ಟೆಸ್ಟ್ ಬರೆದೆ. ಒಮ್ಮೆ ಪ್ರಾಗ್ಮಾ ತೆಗೆದು ಓಡಿಸಿದೆ. ಫೇಲ್ ಆಯಿತು. ಮತ್ತೆ ಹಾಕಿದೆ, ಪಾಸ್. ಆಮೇಲೆಯೇ ಲ್ಯಾಪ್‌ಟಾಪ್ ಮುಚ್ಚಿದ್ದು.