ಅಮೆರಿಕಾ ಫಂಡಿಂಗ್: ಒಂದ್ಕಡೆ ಬಂದ್ರೆ ಇನ್ನೊಂದ್ಕಡೆ ಕಟ್

ಎಂಎಸ್ಸಿಗೋ ಪಿಎಚ್‌ಡಿಗೋ ಅಮೆರಿಕಾಗೆ ಹೊರಟಿರೋ ನಮ್ ಕಡೆ ಹುಡುಗ್ರು ಮೆಸೇಜ್ ಮಾಡಿ ಕೇಳೋದು ಒಂದೇ, "ಅಕ್ಕಾ, ಫಂಡಿಂಗ್ ಎಷ್ಟು ಸಿಗತ್ತೆ?" ಅದು ಬಂದ್ಮೇಲೆ ಬೇರೆ ದುಡ್ಡು ಏನಾಗತ್ತೆ ಅಂತ ಮಾತ್ರ ಯಾರೂ ಕೇಳಲ್ಲ.

ಮೊದ್ಲು ಟಿಎ (ಟೀಚಿಂಗ್ ಅಸಿಸ್ಟೆಂಟ್), ಆರ್‌ಎ (ರಿಸರ್ಚ್ ಅಸಿಸ್ಟೆಂಟ್). ಟಿಎ ಅಂದ್ರೆ ಲ್ಯಾಬ್ ನೋಡ್ಕೊಳ್ಳೋದು, ಪೇಪರ್ ತಿದ್ದೋದು, ಆರ್‌ಎ ಅಂದ್ರೆ ಪ್ರೊಫೆಸರ್ ಪ್ರಾಜೆಕ್ಟಲ್ಲಿ ದುಡಿಯೋದು. ಎಫ್-1 ಅಂದ್ರೆ ಸ್ಟೂಡೆಂಟ್ ವೀಸಾದವ್ರು ಸೆಮಿಸ್ಟರ್ ನಡೀತಿರುವಾಗ ಕ್ಯಾಂಪಸ್ಸಲ್ಲಿ ವಾರಕ್ಕೆ 20 ಗಂಟೆ ಮೀರೋ ಹಾಗಿಲ್ಲ. ಸ್ಟೈಪೆಂಡ್ (ಆ ಕೆಲಸಕ್ಕೆ ಕೊಡೋ ಸಂಬಳ) ನೋಡಿ ಇಷ್ಟೇನಾ ಅನ್ಸತ್ತೆ, ಆದ್ರೆ ಅಸಲಿ ದುಡ್ಡಿರೋದು ಟ್ಯೂಷನ್ ವೇವರ್‌ನಲ್ಲಿ (ಪಾಠದ ಶುಲ್ಕ ಮನ್ನಾ), ಅದಕ್ಕೇ ಆಫರ್ ಲೆಟರ್ ಬಂದ ತಕ್ಷಣ ವೇವರ್ ಫುಲ್ಲಾ ಅರ್ಧನಾ, ಫೀಸೂ ಸೇರಿದ್ಯಾ (ಇಲ್ಲಿ ಟ್ಯೂಷನ್ ಬೇರೆ, ಫೀಸ್ ಅಂದ್ರೆ ಉಳಿದ ಶುಲ್ಕಗಳು ಬೇರೆ, ಅದೊಂದು ಕಾಟ), ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ತಾರೆ, ಎಷ್ಟು ಸೆಮಿಸ್ಟರ್‌ಗೆ ಅಂತ ನೋಡಿ.

ಹೊರಗಿಂದ ಫೆಲೋಶಿಪ್ (ಟಿಎ ಥರ ಕೆಲಸ ಇಲ್ದೆ ಓದಿಗೆ ಸಿಗೋ ದುಡ್ಡು) ಬಂತು ಅಂತ ಸ್ವೀಟ್ ಹಂಚೋಕ್ ಮುಂಚೆ ಇನ್ನೊಂದು ವಿಚಾರಿಸಿ. ಕೆಲವು ಡಿಪಾರ್ಟ್‌ಮೆಂಟ್‌ಗಳು ಅದರ ಮೇಲೆ ಟಿಎ ಕೊಡಲ್ಲ, ಟಿಎ ಹೋದ್ರೆ ಅದರ ಜೊತೆ ವೇವರೂ ಹೋಗಬಹುದು. ಫೆಲೋಶಿಪ್ಪಿನ ಟ್ಯಾಕ್ಸೂ ಬೇರೆ ಥರ. ಟ್ಯೂಷನ್‌ಗೆ ಹೋದ ಭಾಗಕ್ಕೆ ಟ್ಯಾಕ್ಸ್ ಇಲ್ಲ, ಕೈಗೆ ಬರೋ ಭಾಗದಲ್ಲಿ ಎಫ್-1 ನವರಿಗೆ ಸಾಮಾನ್ಯವಾಗಿ 14% ಹಿಡ್ಕೊಂಡೇ ಕೊಡ್ತಾರೆ.

ಐ-20 (ವೀಸಾಗೆ ಅಂತ ಯೂನಿವರ್ಸಿಟಿ ಕೊಡೋ ಫಾರಂ) ತೆಗೆದು ನೋಡಿ, ಎಡಗಡೆ ವರ್ಷದ ಖರ್ಚು, ಬಲಗಡೆ ಆ ದುಡ್ಡು ಎಲ್ಲಿಂದ ಬರತ್ತೆ ಅಂತ: ಸ್ವಂತದ್ದು, ಸ್ಕೂಲಿಂದು (ಅಂದ್ರೆ ಯೂನಿವರ್ಸಿಟಿದು), ಬೇರೆ ಕಡೆಯದ್ದು. ಸ್ಕೂಲಿಂದು ಅನ್ನೋ ಲೈನಲ್ಲಿ ನಂಬರ್ ಏರಿದಷ್ಟೂ ಅಪ್ಪ ಬ್ಯಾಂಕಲ್ಲಿ ತೋರಿಸಬೇಕಾದ್ದು ಇಳಿಯತ್ತೆ.

ಊರಲ್ಲಿ ತಗೊಳ್ಳೋ ಎಜುಕೇಶನ್ ಲೋನಿಗೂ ಇದರ ಬಿಸಿ ತಟ್ಟತ್ತೆ. ಐಬಿಎ (ನಮ್ ದೇಶದ ಬ್ಯಾಂಕುಗಳ ಸಂಘ) ಮಾದರಿ ಸ್ಕೀಮಲ್ಲಿ ಫಾರಿನ್ ಓದಿಗೆ 4 ಲಕ್ಷ ದಾಟಿದ ಸಾಲಕ್ಕೆ 15% ಮಾರ್ಜಿನ್, ಅಂದ್ರೆ ಖರ್ಚಿನಲ್ಲಿ ನಮ್ಮ ಪಾಲು, ನಾವು ಹಾಕ್ಬೇಕು, ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್ ದುಡ್ಡನ್ನ ಆ ಮಾರ್ಜಿನ್ನಿಗೇ ಲೆಕ್ಕ ಹಾಕ್ಕೋತಾರೆ. ಇದು ನಮಗೆ ಲಾಭನೇ. ಮಧ್ಯದಲ್ಲಿ ವೇವರ್ ಸಿಕ್ಕಿದ್ರೆ ಮುಂದಿನ ಸೆಮಿಸ್ಟರ್ ಟ್ಯೂಷನ್ ದುಡ್ಡನ್ನ ಬ್ಯಾಂಕಿಂದ ರಿಲೀಸ್ ಮಾಡಿಸ್ಬೇಡಿ. ಸ್ಯಾಂಕ್ಷನ್ ಆಗಿದೆ ಅಂತ ಪೂರ್ತಿ ಎತ್ಕೊಳ್ಳೋರಿದ್ದಾರೆ, ಬಡ್ಡಿ ಮಾತ್ರ ಎತ್ಕೊಂಡ ಮೊದಲ ದಿನದಿಂದ ಓಡ್ತಿರತ್ತೆ.

ಅಮೆರಿಕಾದಲ್ಲೇ ಹುಟ್ಟಿದ ಕನ್ನಡದ ಮಕ್ಕಳು, ಗ್ರೀನ್ ಕಾರ್ಡಿನವ್ರು ಎಫ್‌ಎಎಫ್‌ಎಸ್‌ಎ (ಅಮೆರಿಕಾ ಸರ್ಕಾರದ ಸಹಾಯ, ಸಾಲಕ್ಕೆ ಹಾಕೋ ಅರ್ಜಿ) ತುಂಬಬಹುದು, ಎಫ್-1 ನವರಿಗೆ ಅದು ಇಲ್ಲ. ಅಲ್ಲೂ ಇದೇ ಕಥೆ: ಓದಿನ ಒಟ್ಟು ಖರ್ಚು ಅಂತ ಕಾಲೇಜು ಒಂದು ಮಿತಿ ಹಾಕತ್ತೆ, ಫೆಲೋಶಿಪ್, ವೇವರ್, ಸಾಲ ಎಲ್ಲಾ ಸೇರಿ ಅದನ್ನ ದಾಟಂಗಿಲ್ಲ, ಹಾಗಾಗಿ ಹೊಸ ಫೆಲೋಶಿಪ್ ಬಂದ್ರೆ ಆಮೇಲೆ ಸಾಲ ಕಟ್ ಆಗಬಹುದು. ಸಾಲ ಕಮ್ಮಿ ಆದ್ರೆ ಒಳ್ಳೇದೇ ಬಿಡಿ, ಆದ್ರೆ ಆ ದುಡ್ಡಲ್ಲೇ ಬಾಡಿಗೆ ಕಟ್ಟೋ ಪ್ಲ್ಯಾನ್ ಇದ್ರೆ ಕಷ್ಟ. 2025ರ ಕಾನೂನಿನ ಪ್ರಕಾರ ಜುಲೈ 1, 2026ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ (ಮಾಸ್ಟರ್ಸ್, ಪಿಎಚ್‌ಡಿ ಥರದ ಓದಿಗೆ ಸರ್ಕಾರ ಕೊಡ್ತಿದ್ದ ಹೆಚ್ಚುವರಿ ಸಾಲ) ಕೂಡ ಇಲ್ಲ, ಮಾಮೂಲಿ ಮಾಸ್ಟರ್ಸ್, ಪಿಎಚ್‌ಡಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್, ಅಷ್ಟೇ ಫೆಡರಲ್ ಸಾಲ.

ಆಫರ್ ಒಪ್ಕೊಳ್ಳೋಕ್ ಮುಂಚೆ ಗ್ರ್ಯಾಡ್ ಆಫೀಸಿಗೆ ಮೇಲ್ ಹಾಕಿ, ಇದು ಬಂದ್ರೆ ಯಾವುದು ಹೋಗತ್ತೆ ಅಂತ ನೇರವಾಗಿ ಕೇಳಿ, ಉತ್ತರ ಬರವಣಿಗೆಯಲ್ಲೇ ಇರ್ಲಿ. ಬೇಗ ಹೇಳಿ ಅಂತ ಅರ್ಜೆಂಟ್ ಮಾಡಿದ್ರೆ ಹೆದರ್ಬೇಡಿ, ಯೂನಿವರ್ಸಿಟಿಗಳು ಮಾಡ್ಕೊಂಡಿರೋ ಏಪ್ರಿಲ್ 15ರ ಒಪ್ಪಂದಕ್ಕೆ ಸಹಿ ಹಾಕಿರೋ ಯೂನಿವರ್ಸಿಟಿ ಆದ್ರೆ ಫಂಡಿಂಗ್ ಆಫರ್‌ಗೆ ಆ ದಿನದ ತನಕ ಟೈಮ್ ಕೊಡ್ಲೇಬೇಕು.